ಬದನೆಯ ಗಿಡವೂ ಗಿಡ್ಡಮೂತಿಯ ಹುಳುವೂ: ಗುರುತು ಹಿಡಿಯುವ ಒಂದು ಪಾಠ

ಸಂಜೆಯ ಹೊತ್ತು ಈ ವಾಚನಾಲಯಕ್ಕೆ ಬರುವವರಲ್ಲಿ ಮಕರಪುರದ ಕಾರಖಾನೆಗಳಲ್ಲಿ ಪಾಳಿ ಮುಗಿಸಿದವರಿದ್ದಾರೆ. ಲೆಕ್ಕದ ಪುಸ್ತಕ ಮುಚ್ಚಿ ಬರುವ ಗುಮಾಸ್ತರಿದ್ದಾರೆ. ಹೋಟೆಲಿನ ಒಲೆಯ ಮುಂದಿನಿಂದ ನೇರವಾಗಿ ಬರುವವರೂ ಇದ್ದಾರೆ. ಇವರಿಗೆ ಹುಳುವಿನ ಪಾಠವೇಕೆ ಎಂದು ಯಾರಾದರೂ ಕೇಳಬಹುದು. ನಮ್ಮಲ್ಲಿ ಅನೇಕರು ಊರಲ್ಲಿ ಹೊಲ ಬಿಟ್ಟು ಬಂದವರು. ಇಲ್ಲಿ ಹೊಲವಿಲ್ಲದಿದ್ದರೂ ಕೈ ಸುಮ್ಮನಿರುವುದಿಲ್ಲ. ಮಾಳಿಗೆಯ ಮೇಲೆ ಎರಡು ಕುಂಡ, ಹಿತ್ತಿಲಲ್ಲಿ ನಾಲ್ಕು ಮಾರು ನೆಲ, ಅದರಲ್ಲಿ ಬದನೆ, ಬೆಂಡೆ, ಒಂದು ಕರಿಬೇವು, ಇಷ್ಟಾದರೂ ಬೇಕು. ಆ ನಾಲ್ಕು ಗಿಡ ಒಣಗಿದರೆ ಮನಸ್ಸೂ ಒಣಗುತ್ತದೆ, ಕಾಸೂ ಹೋಗುತ್ತದೆ. ಆದುದರಿಂದ ಈ ಪಾಠ.

ನನ್ನ ಮೇಲೆ ಬಂದುದನ್ನೇ ಮೊದಲು ಹೇಳುತ್ತೇನೆ. ನಮ್ಮ ಮನೆಯ ಹಿಂದಿನ ಪಟ್ಟಿಯಲ್ಲಿ ಹನ್ನೆರಡು ಬದನೆ ಸಸಿ ನೆಟ್ಟಿದ್ದೆ. ಮೊದಲು ಎಲೆಗಳ ಅಂಚು ಯಾರೋ ಕತ್ತರಿಯಿಂದ ಕಚ್ಚು ಹಾಕಿದಂತೆ ಕಂಡಿತು. ನಾನು ಅದನ್ನು ಲಕ್ಷಿಸಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಒಂದು ಗಿಡ ಮಧ್ಯಾಹ್ನ ಬಾಡಿತು, ಸಂಜೆ ನೀರು ಹೊಯ್ದರೂ ಏಳಲಿಲ್ಲ. ಮರುದಿನ ಇನ್ನೊಂದು. ಅಂಗಡಿಗೆ ಹೋಗಿ, ಹುಳುವನ್ನು ನೋಡದೆಯೇ, ಕೊಟ್ಟ ಪುಡಿಯನ್ನು ತಂದು ಎಲೆಗೆಲ್ಲ ಎರಚಿದೆ. ನೆರೆಮನೆಯ ಮಕ್ಕಳು ಅಲ್ಲಿಯೇ ಆಡುತ್ತಾರೆಂಬ ಎಚ್ಚರವೂ ನನಗಿರಲಿಲ್ಲ. ಗಿಡಗಳು ಬಾಡುವುದು ನಿಲ್ಲಲಿಲ್ಲ. ಆರು ಗಿಡ ಹೋದ ಮೇಲೆ, ಧಾರವಾಡದ ಕಡೆಯ ಒಬ್ಬ ನಿವೃತ್ತ ಮಾಸ್ತರರ ಮುಂದೆ ಗೋಳು ತೋಡಿಕೊಂಡೆ.

“ಹುಳಾ ನೋಡೀಯೇನು ತಮ್ಮಾ?” ಎಂದರು.

“ಇಲ್ಲರೀ ಮಾಸ್ತರ.”

“ಮತ್ತ ಯಾರಿಗೆ ಔಷಧ ಹಾಕಿದಿ?”

ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಅವರು ಬಂದು ಬಾಡಿದ ಗಿಡವೊಂದನ್ನು ಹಿಡಿದು ಎಳೆದರು. ಅದು ಏನೂ ಬಲವಿಲ್ಲದೆ ಕಿತ್ತು ಬಂತು. ಬೇರುಗಳೇ ಇರಲಿಲ್ಲ. ಮಣ್ಣನ್ನು ಬಿಡಿಸಿದಾಗ ಕಾಲಿಲ್ಲದ, ಕೊಂಕಿದ, ಬಿಳಿಯ ಸಣ್ಣ ಮರಿಹುಳುಗಳು ಸಿಕ್ಕವು. ಶತ್ರು ಮಣ್ಣಿನೊಳಗೆ, ನನ್ನ ಪುಡಿ ಎಲೆಯ ಮೇಲೆ! ಆ ಮರಿಗಳ ತಾಯಿಯೇ ಎಲೆಯ ಅಂಚು ಕತ್ತರಿಸಿದ ಬೂದು ಬಣ್ಣದ ಗಿಡ್ಡಮೂತಿಯ ಹುಳು. ಅದರ ಪರಿಚಯವೇ ಈ ಪಾಠದ ವಸ್ತು.

ಮೂತಿ ಹುಳು ಎಂದರೇನು?

ಮೂತಿ ಹುಳು ನಮಗೆ ಹೊಸದಲ್ಲ. ಅಕ್ಕಿ ಆರಿಸುವಾಗ ತಟ್ಟೆಯ ಅಂಚಿಗೆ ಓಡುವ ಕಂದು-ಕಪ್ಪು ಬಣ್ಣದ ಸಣ್ಣ ಹುಳು ಮೂತಿ ಹುಳುವೇ. ಇಲ್ಲಿಯವರು ಅದನ್ನು ಧನೇಡಾ ಎನ್ನುತ್ತಾರೆ. ಅದರ ಶಾಸ್ತ್ರೀಯ ಹೆಸರು ಸೈಟೋಫೈಲಸ್ ಒರೈಝೇ. ಕರಾವಳಿಯವರು ತೆಂಗಿನ ಮರವನ್ನು ಒಳಗಿಂದೊಳಗೇ ಟೊಳ್ಳು ಮಾಡುವ ಕೆಂಪು ಮೂತಿ ಹುಳುವನ್ನು ಬಲ್ಲರು. ಮಾವಿನ ಓಟೆಯೊಳಗೆ ಅವಿತಿರುವುದೂ ಇದೇ ಬಳಗದ್ದು. ಈ ಕುಟುಂಬದಲ್ಲಿ ವಿಜ್ಞಾನಿಗಳು ಹೆಸರಿಟ್ಟಿರುವ ಪ್ರಭೇದಗಳೇ ಐವತ್ತು ಸಾವಿರಕ್ಕೂ ಹೆಚ್ಚು. ಪ್ರಾಣಿಲೋಕದ ಅತಿ ದೊಡ್ಡ ಕುಟುಂಬಗಳಲ್ಲಿ ಇದೊಂದು.

ಇವುಗಳನ್ನು ನಮ್ಮ ಉಪಯೋಗಕ್ಕಾಗಿ ಎರಡು ಗುಂಪು ಮಾಡಿಕೊಳ್ಳೋಣ.

ಮೊದಲನೆಯದು ಉದ್ದಮೂತಿಯವು. ಅಕ್ಕಿಯ ಹುಳುವಿನ ಮೂತಿ ತೆಳ್ಳಗೆ, ಉದ್ದವಾಗಿ, ಬೈರಿಗೆಯಂತಿದೆ. ಹೆಣ್ಣು ಹುಳು ಈ ಬೈರಿಗೆಯಿಂದ ಕಾಳಿಗೆ ತೂತು ಕೊರೆದು, ಅದರಲ್ಲಿ ಒಂದು ಮೊಟ್ಟೆಯನ್ನಿಟ್ಟು, ಬಾಯಿ ಮುಚ್ಚುತ್ತದೆ. ಮರಿಯು ಆ ಒಂದೇ ಕಾಳಿನೊಳಗೆ ತಿಂದು ಬೆಳೆದು ಹುಳುವಾಗಿ ಹೊರಬರುತ್ತದೆ.

ಎರಡನೆಯದು ಗಿಡ್ಡಮೂತಿಯವು. ಇವುಗಳ ಮೂತಿ ಗಿಡ್ಡ ಮತ್ತು ಅಗಲ. ಆಕಳ ಮೋರೆಯನ್ನು ನೆನಪಿಗೆ ತರುತ್ತದೆ. ಕೊರೆಯುವ ಕೆಲಸ ಇವಕ್ಕಿಲ್ಲ. ದೊಡ್ಡ ಹುಳು ಎಲೆಯನ್ನು ಅಂಚಿನಿಂದ ಕತ್ತರಿಸಿ ತಿನ್ನುತ್ತದೆ. ಮೊಟ್ಟೆಯನ್ನು ನೆಲದ ಹತ್ತಿರ ಇಡುತ್ತದೆ. ಮರಿ ಮಣ್ಣಿಗಿಳಿದು ಬೇರು ತಿನ್ನುತ್ತದೆ. ತಾಯಿ ಮೇಲೆ, ಮಕ್ಕಳು ಕೆಳಗೆ. ಗಿಡಕ್ಕೆ ಎರಡೂ ಕಡೆಯಿಂದ ಪೆಟ್ಟು.

ಬಿದ್ದುಹೋಗುವ ಹಲ್ಲು

ಗಿಡ್ಡಮೂತಿಯವುಗಳಲ್ಲಿ ಒಂದು ವಿಶೇಷವುಂಟು. ಮಣ್ಣಿನ ಗೂಡಿನಲ್ಲಿ ಕೋಶಾವಸ್ಥೆ ಮುಗಿಸಿದ ಹೊಸ ಹುಳುವಿಗೆ ಮೇಲೆ ಬರಬೇಕಾದರೆ ಮಣ್ಣನ್ನು ಒಡೆಯಬೇಕು. ಇದಕ್ಕಾಗಿ ಅದರ ದವಡೆಗಳ ಮೇಲೆ ಕೊಕ್ಕೆಯಂಥ ಎರಡು ಹೆಚ್ಚಿನ ಮುಳ್ಳುಗಳಿರುತ್ತವೆ. ಇವು ಹಾರೆಯ ಕೆಲಸ ಮಾಡುತ್ತವೆ. ಹುಳು ಬೆಳಕಿಗೆ ಬಂದ ಮೇಲೆ ಅವುಗಳ ಕೆಲಸ ಮುಗಿಯಿತು. ಅವು ಮುರಿದು ಬಿದ್ದುಹೋಗುತ್ತವೆ. ಬಿದ್ದ ಜಾಗದಲ್ಲಿ ಒಂದು ಸಣ್ಣ ಕಲೆ ಉಳಿಯುತ್ತದೆ. ಭೂತಗನ್ನಡಿಯಲ್ಲಿ ದವಡೆಯ ಮೇಲೆ ಈ ಕಲೆ ಕಂಡರೆ ಹುಳು ಗಿಡ್ಡಮೂತಿಯ ಬಳಗದ್ದೆಂದು ಬಹುಮಟ್ಟಿಗೆ ನಂಬಬಹುದು. ಮುಳ್ಳು ಇನ್ನೂ ಬೀಳದೆ ಇದ್ದರೆ ಅದು ಈಗ ತಾನೇ ಮಣ್ಣಿನಿಂದ ಎದ್ದು ಬಂದುದೆಂದು ತಿಳಿಯಬೇಕು. ವಿದ್ವಾಂಸರು ದೊಡ್ಡ ದೊಡ್ಡ ಗ್ರಂಥಗಳಲ್ಲಿ ಈ ಬಳಗವನ್ನು ಬೇರ್ಪಡಿಸಿದುದು ಇಂಥ ಕಲೆಯನ್ನು ಆಧಾರ ಮಾಡಿಕೊಂಡೇ.

ಮಿಲ್ಲೊಸೆರಸ್ ಕುಲ

ನಮ್ಮ ಬದನೆಯ ಶತ್ರು ಸೇರಿರುವ ಕುಲದ ಹೆಸರು ಮಿಲ್ಲೊಸೆರಸ್. ಈ ಹೆಸರು ಕೊಟ್ಟವನು ಸ್ವೀಡನ್ ದೇಶದ ಕಾರ್ಲ್ ಯೊಹಾನ್ ಶೋನ್‌ಹೆರ್, ವರ್ಷ ೧೮೨೩. ಇವನು ಪ್ರೊಫೆಸರನಲ್ಲ, ಸ್ಟಾಕ್‌ಹೋಮಿನಲ್ಲಿ ರೇಷ್ಮೆ ಕಾರಖಾನೆ ನಡೆಸುತ್ತಿದ್ದ ವ್ಯಾಪಾರಸ್ಥ! ವ್ಯವಹಾರದಿಂದ ಬಿಡುವು ಪಡೆದು ಹಳ್ಳಿ ಸೇರಿ, ಜಗತ್ತಿನ ಮೂತಿ ಹುಳುಗಳನ್ನೆಲ್ಲ ವಿಂಗಡಿಸುವುದಕ್ಕೆ ಕುಳಿತ. ೧೮೩೩ರಿಂದ ೧೮೪೫ರವರೆಗೆ ಅವನ ಮಹಾಗ್ರಂಥದ ಸಂಪುಟಗಳು ಹೊರಬಂದವು. ಸೂರತ್ತು, ಅಹಮದಾಬಾದುಗಳಲ್ಲಿ ನೂಲಿನ ನಡುವೆ ದುಡಿಯುವ ನಮ್ಮ ಬಂಧುಗಳು ಈ ಸಂಗತಿಯನ್ನು ನೆನಪಿಡಬೇಕು. ಎಳೆಯ ದಪ್ಪ-ತೆಳುವನ್ನು ಕಣ್ಣಳತೆಯಿಂದ ಹೇಳಬಲ್ಲವರಿಗೆ ಹುಳುವಿನ ಮೂತಿಯ ಉದ್ದ-ಅಗಲ ಹೇಳುವುದು ಅಸಾಧ್ಯವೇನಲ್ಲ.

ನಮ್ಮ ದೇಶದ ಮೂತಿ ಹುಳುಗಳ ಬಗ್ಗೆ ಆಧಾರಗ್ರಂಥ ಬರೆದವರು ಗೈ ಮಾರ್ಷಲ್. ಬ್ರಿಟಿಷ್ ಇಂಡಿಯಾದ ಪ್ರಾಣಿಸಂಪತ್ತನ್ನು ಕುರಿತ ಗ್ರಂಥಮಾಲೆಯಲ್ಲಿ ಇವರ ಸಂಪುಟ ೧೯೧೬ರಲ್ಲಿ ಪ್ರಕಟವಾಯಿತು. ಮುಂದೆ ೧೯೮೮ರಲ್ಲಿ ರಾಮಮೂರ್ತಿ ಮತ್ತು ಘಾಯ್ ಎಂಬ ಭಾರತೀಯ ವಿದ್ವಾಂಸರು ಈ ಕುಲವನ್ನು ಹೊಸದಾಗಿ ಪರಿಶೀಲಿಸಿ ಬರೆದರು.

ಗುರುತು ಹಿಡಿಯುವ ಮೆಟ್ಟಿಲುಗಳು

ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ ಸಾಕು. ಇಲ್ಲದವರು ಮೊಬೈಲಿನಲ್ಲಿ ಹತ್ತಿರದಿಂದ ಚಿತ್ರ ತೆಗೆದು ಹಿಗ್ಗಿಸಿ ನೋಡಬಹುದು. ಒಂದೊಂದೇ ಮೆಟ್ಟಿಲು ಹತ್ತಬೇಕು, ಹಾರಬಾರದು.

೧. ಇದು ದುಂಬಿಯ ಜಾತಿಯೇ? ಬೆನ್ನಿನ ಮೇಲೆ ಎರಡು ಗಟ್ಟಿ ರೆಕ್ಕೆಗಳು ನಡುವೆ ನೆಟ್ಟಗೆ ಗೆರೆ ಎಳೆದಂತೆ ಕೂಡಿರಬೇಕು. ಒಂದರ ಮೇಲೊಂದು ಹೊದ್ದುಕೊಂಡಿದ್ದರೆ ಅದು ತಿಗಣೆಯ ಬಳಗದ್ದು, ಬಿಟ್ಟುಬಿಡಿ.

೨. ಮೂತಿ ಹುಳುವೇ? ತಲೆ ಮುಂದಕ್ಕೆ ಚಾಚಿ ಮೂತಿಯಾಗಿರಬೇಕು. ಕುಡಿಮೀಸೆಗಳು ಮೂತಿಯ ಮೇಲಿಂದಲೇ ಹುಟ್ಟಿರಬೇಕು. ಅವು ನಮ್ಮ ಮೊಣಕೈಯಂತೆ ಒಂದು ಕಡೆ ಮಡಿಚಿ, ತುದಿಯಲ್ಲಿ ದಪ್ಪಗೆ ಗದೆಯಂತಿರಬೇಕು.

೩. ಗಿಡ್ಡಮೂತಿಯೇ? ಮೇಲಿನಿಂದ ನೋಡಿದಾಗ ಮೂತಿಯ ಉದ್ದವೂ ಅಗಲವೂ ಹೆಚ್ಚು ಕಡಿಮೆ ಸಮನಾಗಿರಬೇಕು. ಕಣ್ಣು ಚುರುಕಾಗಿದ್ದವರು ದವಡೆಯ ಕಲೆಯನ್ನೂ ಹುಡುಕಬಹುದು.

೪. ಮಿಲ್ಲೊಸೆರಸ್ ಕುಲವೇ? ಇಲ್ಲಿ ನಾಲ್ಕು ಗುರುತುಗಳನ್ನು ಕೂಡಿಸಿ ನೋಡಬೇಕು. ಕುಡಿಮೀಸೆಯ ಮೊದಲ ಗಣ್ಣು ಬಹಳ ಉದ್ದ. ಹಿಂದಕ್ಕೆ ಮಡಿಚಿದರೆ ಕಣ್ಣನ್ನು ದಾಟಿ ಎದೆಯ ಅಂಚನ್ನು ಮುಟ್ಟುತ್ತದೆ. ಮೀಸೆ ಹುಟ್ಟುವ ತಗ್ಗು ಮೂತಿಯ ಮೇಲುಭಾಗದಲ್ಲಿದ್ದು, ಮೇಲಿನಿಂದಲೇ ಕಾಣುತ್ತದೆ. ರೆಕ್ಕೆಯ ಬುಡ, ಎಂದರೆ ಹುಳುವಿನ ಹೆಗಲು, ಎದೆಗಿಂತ ಅಗಲ. ಕಾಲಿನ ತೊಡೆಯ ಕೆಳಬದಿಯಲ್ಲಿ ಮುಳ್ಳಿನಂಥ ಹಲ್ಲು ಇರುತ್ತದೆ. ಗೋಧಿ ಮತ್ತು ಕಡಲೆಯ ಎಳೆಯ ಸಸಿಗಳನ್ನು ನೆಲಮಟ್ಟದಲ್ಲಿ ಕತ್ತರಿಸುವ ಟ್ಯಾನಿಮೆಕಸ್ ಎಂಬ ಇನ್ನೊಂದು ಗಿಡ್ಡಮೂತಿಯ ಕುಲವುಂಟು. ಅದರ ತೊಡೆಯಲ್ಲಿ ಇಂಥ ಹಲ್ಲಿಲ್ಲ, ಮೈಯೂ ನೀಳ. ಆದುದರಿಂದ ತೊಡೆಯನ್ನು ನೋಡದೆ ತೀರ್ಮಾನಕ್ಕೆ ಬರಬಾರದು.

೫. ಯಾವ ಪ್ರಭೇದ? ನಮ್ಮ ಕಣ್ಣಿಗೆ ಬೀಳುವಂಥವು ಮುಖ್ಯವಾಗಿ ನಾಲ್ಕು. ಕಂದು ಬಣ್ಣದ್ದು ಮಿಲ್ಲೊಸೆರಸ್ ಸಬ್‌ಫಾಸಿಯೇಟಸ್. ಬದನೆಯ ಪ್ರಮುಖ ಶತ್ರು ಇದೇ. ಕಂದು ಮೈಮೇಲೆ ಬಿಳಿ ಚುಕ್ಕೆಗಳುಳ್ಳದ್ದು ಮಿ. ಡಿಸ್ಕಲರ್, ಮಾವಿನ ಎಲೆಯಲ್ಲಿಯೂ ಕಾಣುತ್ತದೆ. ಸಣ್ಣ ಮೈಯ ತಿಳಿಹಸುರಿನದು ಮಿ. ವಿರಿಡಾನಸ್. ಹಸುರು ಬೆರೆತ ಬಿಳಿ ಮೈಮೇಲೆ ಕಪ್ಪು ಗುರುತುಗಳಿರುವುದು ಮಿ. ಅಂಡೆಸಿಂಪುಸ್ಟುಲೇಟಸ್, ಇದು ಹತ್ತಿಯ ಬೂದು ಹುಳು. ಈ ಉದ್ದದ ಹೆಸರಿಗೆ ‘ಹನ್ನೊಂದು ಬೊಟ್ಟಿನದು’ ಎಂದರ್ಥ. ಭರೂಚದಿಂದ ವಡೋದರಾದವರೆಗಿನ ಕರಿಮಣ್ಣಿನ ಹತ್ತಿಯ ಹೊಲಗಳಂತೆಯೇ ನಮ್ಮ ಧಾರವಾಡ, ಹುಬ್ಬಳ್ಳಿಯ ಎರೆಭೂಮಿಯೂ ಹತ್ತಿಯ ನೆಲವಾದ್ದರಿಂದ ಊರಿಗೆ ಹೋದಾಗ ಹತ್ತಿಯ ಎಲೆಯ ಅಂಚನ್ನೂ ಒಮ್ಮೆ ನೋಡಿ ಬನ್ನಿ.

ಬಣ್ಣವನ್ನು ನಂಬಿ ಕೆಡಬೇಡಿ

ಐದನೆಯ ಮೆಟ್ಟಿಲಿನಲ್ಲಿ ಒಂದು ಅಪಾಯವಿದೆ. ಈ ಹುಳುಗಳ ಬೂದು, ಹಸುರು, ಬಿಳಿ ಎಲ್ಲವೂ ಮೈಯ ಬಣ್ಣವಲ್ಲ. ಮೈಮೇಲೆ ಮೀನಿನ ಹುರುಪೆಯಂತೆ ಹೊದ್ದಿರುವ ಸೂಕ್ಷ್ಮ ಹುರುಪೆಗಳ ಬಣ್ಣ. ವಯಸ್ಸಾದಂತೆ ಅವು ಉದುರಿ ಒಳಗಿನ ಕಪ್ಪು ಹೊರಬೀಳುತ್ತದೆ. ಬೆರಳಿನಿಂದ ಉಜ್ಜಿದರೂ ಉದುರುತ್ತದೆ. ಒಂದೇ ಪ್ರಭೇದದ ಎಳೆಯದು ಬಿಳುಪಾಗಿಯೂ ಮುದಿಯದು ಕಪ್ಪಾಗಿಯೂ ಕಾಣುವುದುಂಟು. ಮೂತಿ, ಮೀಸೆ, ತೊಡೆ, ಹೆಗಲು ಇವೇ ನಿಜವಾದ ಸಾಕ್ಷಿಗಳು. ಬಣ್ಣ ಬರಿಯ ಅಂಗಿ.

ಬಲ್ಲವರೂ ಇಲ್ಲಿ ಎಡವಿದ್ದುಂಟು. ೨೦೦೦ನೆಯ ಇಸವಿಯಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ನಿಂಬೆ-ಕಿತ್ತಳೆ ಜಾತಿಯ ಗಿಡದ ಮೇಲೆ ಒಂದು ಹೊಸ ಹುಳು ಸಿಕ್ಕಿತು. ಮೊದಲು ಅದನ್ನು ನಮ್ಮ ‘ಹನ್ನೊಂದು ಬೊಟ್ಟಿನ’ ಹುಳುವೆಂದು ಗುರುತಿಸಿದರು. ಆಮೇಲೆ ಅದು ಮಾರ್ಷಲರು ೧೯೧೬ರಲ್ಲಿ ಹೆಸರಿಸಿದ್ದ ಶ್ರೀಲಂಕಾದ ಅಂಡೇಟಸ್ ಎಂದು ತಿದ್ದಿಕೊಂಡರು. ಹಳದಿ ಛಾಯೆಯ ತಲೆ, ಎದೆಗಿಂತ ಬಹಳ ಅಗಲವಾದ ಹೆಗಲು, ಆರರಿಂದ ಎಂಟೂವರೆ ಮಿಲಿಮೀಟರ್ ಉದ್ದ, ಇವು ಅದರ ಲಕ್ಷಣಗಳು. ಇಂದು ಅಲ್ಲಿ ಅದು ನೂರೈವತ್ತಕ್ಕೂ ಹೆಚ್ಚು ಬಗೆಯ ಗಿಡಗಳನ್ನು ತಿನ್ನುತ್ತಿದೆ. ಹುಳುವಿನ ಹೆಸರು ಸರಿಯಾದರೆ ಅದು ಬಂದ ದೇಶ ತಿಳಿಯುತ್ತದೆ. ದೇಶ ತಿಳಿದರೆ ಅಲ್ಲಿ ಅದನ್ನು ಹಿಡಿತದಲ್ಲಿಟ್ಟ ಶತ್ರುಗಳನ್ನು ಹುಡುಕಬಹುದು. ಹೆಸರು ತಪ್ಪಿದರೆ ಹುಡುಕಾಟವೇ ತಪ್ಪು ಊರಲ್ಲಿ ನಡೆಯುತ್ತದೆ.

ನೆಲದೊಳಗಿನ ಸಂಸಾರ

ಹತ್ತಿಯ ಬೂದು ಹುಳುವಿನ ಲೆಕ್ಕ ಕೇಳಿ. ಒಂದು ಹೆಣ್ಣು ಸುಮಾರು ೨೪ ದಿನಗಳಲ್ಲಿ ೩೬೦ರವರೆಗೆ ಮೊಟ್ಟೆಯಿಡಬಲ್ಲದು. ೩ರಿಂದ ೫ ದಿನಗಳಲ್ಲಿ ಮರಿಯಾಗುತ್ತದೆ. ಮರಿ ಒಂದೆರಡು ತಿಂಗಳು ಮಣ್ಣಿನಲ್ಲಿ ಬೇರು ತಿಂದು, ಮಣ್ಣಿನಲ್ಲಿಯೇ ಸುಮಾರು ಒಂದು ವಾರ ಕೋಶವಾಗಿದ್ದು, ಹುಳುವಾಗಿ ಮೇಲೇಳುತ್ತದೆ. ಎಂದರೆ ಎಲೆಯ ಅಂಚಿನ ಕಚ್ಚು ಕಂಡ ದಿನಕ್ಕೂ ಗಿಡ ಬಾಡುವ ದಿನಕ್ಕೂ ನಡುವೆ ವಾರಗಳೇ ಇರುತ್ತವೆ. ಈ ವಾರಗಳೇ ನಮಗೆ ಸಿಗುವ ಅವಕಾಶ. ನಾನು ಅದನ್ನು ಕಳೆದುಕೊಂಡೆ, ನೀವು ಕಳೆದುಕೊಳ್ಳಬೇಡಿ.

ಬಾಡಿದ ಗಿಡದ ವಿಚಾರಣೆ

ಬದನೆ ಬಾಡುವುದಕ್ಕೆಲ್ಲ ಈ ಹುಳುವೇ ಕಾರಣವೆಂದೂ ಹೇಳಬಾರದು. ನಾಲ್ಕು ಆರೋಪಿಗಳನ್ನು ನಿಲ್ಲಿಸಿ ವಿಚಾರಿಸಬೇಕು.

ಚಿಗುರಿನ ತುದಿ ಮಾತ್ರ ಜೋತುಬಿದ್ದು, ಕೆಳಗಿನ ಗಿಡ ಚೆನ್ನಾಗಿದ್ದರೆ, ಆ ಚಿಗುರನ್ನು ಸೀಳಿ ನೋಡಿ. ಒಳಗೆ ಹುಳುವಿದ್ದರೆ ಅದು ಕಾಂಡ ಮತ್ತು ಕಾಯಿ ಕೊರೆಯುವ ಪತಂಗದ ಮರಿ.

ಇಡೀ ಗಿಡ ಹಸುರಾಗಿರುವಾಗಲೇ ಬಾಡಿ, ಬೇರು ಸರಿಯಾಗಿದ್ದರೆ, ಕಾಂಡದ ಬುಡದ ತುಂಡೊಂದನ್ನು ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ಇಳಿಬಿಡಿ. ಕೊಯ್ದ ಜಾಗದಿಂದ ಹಾಲಿನಂಥ ಎಳೆ ಇಳಿದರೆ ಅದು ಬ್ಯಾಕ್ಟೀರಿಯಾದ ಸೊರಗು ರೋಗ.

ಬೇರಿನಲ್ಲಿ ಗಂಟುಗಳಿದ್ದರೆ ಅದು ಬೇರುಗಂಟು ಜಂತುವಿನ ಕೆಲಸ.

ಗಿಡ ಸಲೀಸಾಗಿ ಕಿತ್ತುಬಂದು, ಬೇರುಗಳು ಕಡಿದುಹೋಗಿದ್ದು, ಮಣ್ಣಿನಲ್ಲಿ ಕಾಲಿಲ್ಲದ, ಕಂದು ತಲೆಯ ಬಿಳಿಮರಿಗಳು ಸಿಕ್ಕರೆ ಮಾತ್ರ ಅಪರಾಧಿ ನಮ್ಮ ಗಿಡ್ಡಮೂತಿ. ಮಣ್ಣಿನ ಇತರ ಬಿಳಿಹುಳುಗಳಿಗೆ ಎದೆಯ ಬಳಿ ಆರು ಕಾಲುಗಳಿರಬಹುದು. ಮೂತಿ ಹುಳುವಿನ ಮರಿಗೆ ಒಂದೂ ಇಲ್ಲ. ಇದನ್ನು ಮರೆಯಬಾರದು.

ಮಾಡಬೇಕಾದುದು

ಬೆಳಗಿನ ತಂಪಿನಲ್ಲಿ ಹುಳುಗಳು ಮಂದವಾಗಿರುತ್ತವೆ. ಕೊಡೆಯನ್ನು ಬಿಚ್ಚಿ, ಗಿಡದ ಕೆಳಗೆ ತಲೆಕೆಳಗಾಗಿ ಹಿಡಿದು, ಒಳಗೆ ಬಿಳಿಯ ಬಟ್ಟೆ ಹಾಸಿ, ಗಿಡವನ್ನು ಮೆಲ್ಲಗೆ ಅಲುಗಿಸಿ. ಅಪಾಯ ಕಂಡರೆ ಕೈಕಾಲು ಮುದುಡಿ ಸತ್ತಂತೆ ಕೆಳಗೆ ಬೀಳುವುದು ಈ ಹುಳುಗಳ ಉಪಾಯ. ಆ ಉಪಾಯವೇ ಅವನ್ನು ನಮ್ಮ ಕೊಡೆಗೆ ಬೀಳಿಸುತ್ತದೆ. ಬಿದ್ದವನ್ನು ಸಾಬೂನಿನ ನೀರಿಗೆ ಹಾಕಬೇಕು. ನಾಲ್ಕಾರು ಗಿಡಗಳವರಿಗೆ ಇದಕ್ಕಿಂತ ಅಗ್ಗವಾದ ಮದ್ದಿಲ್ಲ.

ಬಾಡಿದ ಗಿಡವನ್ನು ಬುಡದ ಮಣ್ಣಿನೊಂದಿಗೆ ಅಗೆದು ತೆಗೆದು, ಮರಿಗಳನ್ನು ಆರಿಸಿ ಕೊಲ್ಲಿ. ಕುಂಡದ ಮಣ್ಣಾದರೆ ಬಿಸಿಲಿಗೆ ತೆಳ್ಳಗೆ ಹರವಿ ಒಣಗಿಸಿ. ಅದೇ ಮಣ್ಣಿಗೆ ಕೂಡಲೇ ಬದನೆ ನೆಡಬೇಡಿ. ನೆಡುವ ಮೊದಲು ಬೇವಿನ ಹಿಂಡಿ ಬೆರೆಸುವುದು ಒಳ್ಳೆಯದು. ಇಲ್ಲಿಯ ಅಂಗಡಿಯಲ್ಲಿ ‘ಲಿಂಬೋಳಿನೊ ಖೋಳ್’ ಎಂದು ಕೇಳಿದರೆ ಕೊಡುತ್ತಾರೆ. ಹೊಲಕ್ಕೆ ಹೆಕ್ಟೇರಿಗೆ ೫೦೦ ಕಿಲೋ ಎಂಬುದು ಶಿಫಾರಸು. ಹೆಕ್ಟೇರಿಗೆ ಹತ್ತು ಸಾವಿರ ಚದರ ಮೀಟರ್ ಆದುದರಿಂದ, ಚದರ ಮೀಟರಿಗೆ ೫೦ ಗ್ರಾಂ ಬಿತ್ತು. ನಮ್ಮ ಗುಮಾಸ್ತ ಮಿತ್ರರು ತಮ್ಮ ತಮ್ಮ ಪಟ್ಟಿಯ ಲೆಕ್ಕ ಹಾಕಿಕೊಳ್ಳಲಿ.

ಮಣ್ಣಿನಲ್ಲಿ ಹುಳುಗಳ ಒಳಹೊಕ್ಕು ಕೊಲ್ಲುವ ಸೂಕ್ಷ್ಮ ಜಂತುಗಳೂ ಇವೆ. ಹೆಟರೊರಾಬ್ಡೈಟಿಸ್ ಇಂಡಿಕಾ ಎಂಬುದು ಅವುಗಳಲ್ಲೊಂದು. ಕೊಯಮತ್ತೂರಿನಲ್ಲಿ ದೊರೆತ ಇದಕ್ಕೆ ೧೯೯೨ರಲ್ಲಿ ಹೆಸರಿಟ್ಟರು. ದೊಡ್ಡ ಪ್ರಮಾಣದಲ್ಲಿ ಬದನೆ ಬೆಳೆಯುವವರು ಊರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಇದರ ವಿಚಾರ ಕೇಳಬಹುದು.

ಇನ್ನೊಂದು ಎಚ್ಚರಿಕೆ. ಮೂತಿ ಹುಳು ಎಂಬ ಒಂದೇ ಹೆಸರನ್ನು ನೆಚ್ಚಿ, ಹೊಲದ ಮದ್ದನ್ನು ಅಕ್ಕಿಯ ಡಬ್ಬಿಗೆ ತರಬೇಡಿ. ಉಗ್ರಾಣಗಳಲ್ಲಿ ಬಳಸುವ ಅಲ್ಯುಮಿನಿಯಂ ಫಾಸ್ಫೈಡ್ ಗುಳಿಗೆ ಗಾಳಿಯ ತೇವಕ್ಕೆ ವಿಷಾನಿಲ ಬಿಡುತ್ತದೆ. ನಾಲ್ಕು ಜನ ಒಂದೇ ಕೋಣೆಯಲ್ಲಿ ಮಲಗುವ ಕಡೆ ಅದನ್ನಿಟ್ಟರೆ ಹುಳುವಿನ ಜೊತೆಗೆ ಮನುಷ್ಯರೂ ಸಾಯುತ್ತಾರೆ. ಮನೆಯ ಅಕ್ಕಿಗೆ ಬಿಸಿಲು, ಜರಡಿ, ಬಿಗಿಮುಚ್ಚಳದ ಡಬ್ಬಿ ಇಷ್ಟೇ ಸಾಕು.

ಹೆಸರು ತಿಳಿಯಬೇಕಾದರೆ

ನಮ್ಮ ಮೆಟ್ಟಿಲುಗಳು ಕುಲದವರೆಗೆ ಧೈರ್ಯವಾಗಿ ಒಯ್ಯುತ್ತವೆ. ಪ್ರಭೇದವನ್ನು ಖಚಿತವಾಗಿ ಹೇಳಬೇಕಾದರೆ ಎಷ್ಟೋ ಸಲ ಹುಳುವನ್ನು ಬಿಡಿಸಿ ಒಳಗಿನ ಅಂಗಗಳನ್ನು ನೋಡಬೇಕಾಗುತ್ತದೆ. ಅದು ತಜ್ಞರ ಕೆಲಸ. ನೆರೆಯ ಆಣಂದದಲ್ಲಿ ಕೃಷಿ ವಿಶ್ವವಿದ್ಯಾಲಯವಿದೆ. ಬೆಂಗಳೂರಿನ ಹೆಬ್ಬಾಳದಲ್ಲಿ ಕೀಟಸಂಪತ್ತಿನ ರಾಷ್ಟ್ರೀಯ ಸಂಸ್ಥೆಯಿದೆ. ಅವರಿಗೆ ತೋರಿಸುವ ಹುಳುವನ್ನು ಬೆಂಕಿಪೆಟ್ಟಿಗೆಯಲ್ಲಿ ಹತ್ತಿ ಹಾಸಿ ಇಡಿ. ಜೊತೆಗೆ ಚೀಟಿಯಲ್ಲಿ ತಾರೀಖು, ಸ್ಥಳ, ಯಾವ ಗಿಡ ಎಂಬ ಮೂರನ್ನು ಬರೆಯಿರಿ. ತಾರೀಖಿಲ್ಲದ ಕಾಗದಕ್ಕೆ ಕಚೇರಿಯಲ್ಲಿ ಎಷ್ಟು ಬೆಲೆಯೋ ಚೀಟಿಯಿಲ್ಲದ ಹುಳುವಿಗೂ ಅಷ್ಟೇ ಬೆಲೆ.

ಅಭ್ಯಾಸ

೧. ಅಕ್ಕಿಯ ಹುಳುವೊಂದನ್ನೂ ಬದನೆಯ ಹುಳುವೊಂದನ್ನೂ ಬಿಳಿ ಕಾಗದದ ಮೇಲೆ ಪಕ್ಕಪಕ್ಕದಲ್ಲಿಟ್ಟು, ಎರಡರ ಮೂತಿಯನ್ನು ಪೆನ್ಸಿಲಿನಿಂದ ಬರೆಯಿರಿ.

೨. ಬದನೆಯ ಹುಳುವಿನ ಕುಡಿಮೀಸೆಯ ಮೊದಲ ಗಣ್ಣು ಎಲ್ಲಿಯವರೆಗೆ ಮುಟ್ಟುತ್ತದೆ? ತೊಡೆಯಲ್ಲಿ ಹಲ್ಲಿದೆಯೇ?

೩. ನಿಮ್ಮ ಓಣಿಯಲ್ಲಿ ಅಂಚು ಕಚ್ಚಿದ ಎಲೆಗಳು ಯಾವ ಯಾವ ಗಿಡದಲ್ಲಿವೆ? ಪಟ್ಟಿ ಮಾಡಿ.

ನನ್ನ ಹನ್ನೆರಡು ಗಿಡಗಳಲ್ಲಿ ಆರು ಉಳಿದವು. ದಿನಾ ಬೆಳಿಗ್ಗೆ ಪಾಳಿಗೆ ಹೋಗುವ ಮೊದಲು ಕೊಡೆ ಹಿಡಿದು ಹಿತ್ತಿಲಿಗೆ ಹೋಗುತ್ತಿದ್ದ ನನ್ನನ್ನು ನೋಡಿ ನೆರೆಮನೆಯ ಬೆನ್ ಮೊದಲು ನಕ್ಕರು. ಮಳೆಯಿಲ್ಲದ ದಿನ ಕೊಡೆಯೇಕೆ ಎಂದು ಕೇಳಿದರು. ತೋರಿಸಿದೆ. ಈಗ ಅವರೂ ತಮ್ಮ ಬೆಂಡೆಯ ಗಿಡಕ್ಕೆ ಕೊಡೆ ಹಿಡಿಯುತ್ತಾರೆ. ಉಳಿದ ಆರು ಗಿಡಗಳ ಮೊದಲ ಕಾಯಿಗಳಲ್ಲಿ ಎಣ್ಣೆಗಾಯಿ ಮಾಡಿ ಮಾಸ್ತರರ ಮನೆಗೂ ಕಳಿಸಿದೆವು. ಪುಡಿಯ ಉಳಿದ ಪೊಟ್ಟಣವನ್ನು ಬಿಚ್ಚದೆ ಅಂಗಡಿಗೆ ಹಿಂತಿರುಗಿಸಿದೆ.